ಬಳೆಗಾರರ ಗುಂಡು, ಐದು ರೂಪಾಯಿ ನಾಣ್ಯ, ಹೆಸರಿಲ್ಲದ ಕಲ್ಲುಹೂ

ಭಾಗ 1

ಮೊದಲನೇ ಫೋಟೋ ಸರಿಯಾಗಿ ನೋಡಿ. ಬೂದು ಬಂಡೆ. ಅದರ ಮೇಲೆ ಅಂಗೈ ಅಗಲದ ತಿಳಿಹಸಿರು ಮಚ್ಚೆ. ಮಚ್ಚೆ ಮಧ್ಯ ಬೆರಳುದ್ದದ ಬಿಳಿ ಗೀರು. ಆ ಗೀರು ಎಳೆದವನು ನಾನೇ, ಐದು ರೂಪಾಯಿ ನಾಣ್ಯದಿಂದ.

ಜಾಗ ಜಟಿಂಗ ರಾಮೇಶ್ವರ ಬೆಟ್ಟ, ಮೊಳಕಾಲ್ಮೂರು ತಾಲೂಕು. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಬೇರೆ ಕಡೆಯವರಿಗೆ ಒಂದು ಮಾತು: ರಾವಣನ ಜೊತೆ ಹೋರಾಡಿ ಜಟಾಯು ಬಿದ್ದಿದ್ದು ಇಲ್ಲೇ ಅಂತ ನಂಬಿಕೆ. ಮೇಲೆ ರಾಮೇಶ್ವರನ ಗುಡಿ. ಸಮುದ್ರ ಮಟ್ಟದಿಂದ 3,469 ಅಡಿ. ಮೆಟ್ಟಿಲು ಹತ್ತೋ ಹೊತ್ತಿಗೆ ಕಾಲು ಬೇರೆಯವರದ್ದು ಅನ್ನಿಸೋಕೆ ಶುರುವಾಗುತ್ತೆ.

ದೊಡ್ಡಪ್ಪನ ಜೊತೆ ಹೋಗಿದ್ದೆ. ಮೇಲೆ ಅಶೋಕನ ಶಾಸನ ಇದೆ ಅಂತ ಗೊತ್ತಿತ್ತು. ದಾರಿ ಪಕ್ಕದ ಒಂದು ಗುಂಡಿನ ಮೇಲೂ ಏನೋ ಗೆರೆ ಕಂಡ ಹಾಗಾಯ್ತು. ಅದರ ಮೇಲೆ ಈ ಮಚ್ಚೆ ಅಂಟಿತ್ತು. ಅಡಿಯಲ್ಲಿ ಅಕ್ಷರ ಇರಬಹುದು, ನಾನೇ ಹೊಸ ಶಾಸನ ಕಂಡುಹಿಡಿದು ರೀಲ್ ಹಾಕ್ತೀನಿ ಅನ್ನೋ ಹುಚ್ಚು. ಜೇಬಿಂದ ನಾಣ್ಯ ತೆಗೆದು ಕೆರೆದೆ. (ಶಾಸನದ ಬಂಡೆ ಅಲ್ಲ, ಅಷ್ಟು ಬುದ್ಧಿ ಇತ್ತು. ಆದ್ರೂ ಮಾಡಬಾರದಿತ್ತು.) ಅಡಿಯಲ್ಲಿ ಬರೀ ಕಲ್ಲು.

ದೊಡ್ಡಪ್ಪ ಬೈಯಲಿಲ್ಲ. "ಏನಪ್ಪ ಅದು, ನೀನು ಕೆರ್ದಿದ್ದು?" ಅಂತ ಮಾತ್ರ ಕೇಳಿದ್ರು.

"ಪಾಚಿ."

"ಪಾಚಿ ಕೆರೆ ದಂಡೇಲಿ ಇರ್ತೈತೆ. ಇದು ಬಿಸ್ಲಲ್ಲಿ ಒಣಗಿ ಕುಂತೈತೆ. ಇದ್ರ ಹೆಸರೇನು?"

ಗೊತ್ತಿರಲಿಲ್ಲ. ರಾತ್ರಿ ಮನೆಗೆ ಬಂದು ಹುಡುಕಿದೆ. ಅಶೋಕನ ಶಾಸನದ ಬಗ್ಗೆ ಪುಟಗಟ್ಟಲೆ ಸಿಕ್ತು. ಅದೇ ಬೆಟ್ಟದ ಬಂಡೆ ಮೇಲೆ ಬೆಳೆಯೋದರ ಬಗ್ಗೆ ನನ್ನ ಕೈಗೆ ಒಂದು ಸಾಲೂ ಸಿಗಲಿಲ್ಲ. ಒಂದೇ ಕಲ್ಲಿನ ಎರಡು ವಿಷಯಕ್ಕೆ ಯಾಕೆ ಇಷ್ಟು ವ್ಯತ್ಯಾಸ? ಈ ಸರಣಿ ಶುರುವಾಗಿದ್ದು ಅಲ್ಲಿಂದ. ಬಿಕಾಂ ಹುಡುಗನಿಗೆ ಇದೆಲ್ಲ ಯಾಕೆ ಅಂತ ಕೇಳೋರು ಭಾಗ 5ರವರೆಗೆ ತಡೀರಿ.

ಭಾಗ 2

ಮೊದಲು ಶಾಸನದ ಕಥೆ. ಅದು ಗೊತ್ತಾಗದೆ ಮುಂದಿನದು ಅರ್ಥ ಆಗಲ್ಲ.

ನಮ್ಮ ಮೊಳಕಾಲ್ಮೂರು ತಾಲೂಕಿನಲ್ಲಿ ಕೆಲವೇ ಕಿಲೋಮೀಟರ್ ಅಂತರದಲ್ಲಿ ಅಶೋಕನ ಮೂರು ಸಣ್ಣ ಶಿಲಾಶಾಸನಗಳಿವೆ: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. 1892ರಲ್ಲಿ ಇವನ್ನ ಹೊರ ಜಗತ್ತಿಗೆ ತಿಳಿಸಿದ್ದು ಬೆಂಗಳೂರಲ್ಲೇ ಹುಟ್ಟಿದ ಬಿ. ಎಲ್. ರೈಸ್, ಮೈಸೂರು ಪುರಾತತ್ವ ಇಲಾಖೆಯ ಮುಖ್ಯಸ್ಥ. ಬ್ರಾಹ್ಮಿ ಲಿಪಿಯನ್ನ ಜೇಮ್ಸ್ ಪ್ರಿನ್ಸೆಪ್ 1837ರಲ್ಲೇ ಓದಿಯಾಗಿತ್ತು. ಆದ್ರೆ ಅಶೋಕನ ಆಳ್ವಿಕೆ ಇಷ್ಟು ದಕ್ಷಿಣಕ್ಕೆ ಬಂದಿತ್ತು ಅನ್ನೋದಕ್ಕೆ ಕಲ್ಲಿನ ಸಾಕ್ಷಿ ಕೊಟ್ಟಿದ್ದು ನಮ್ಮ ಈ ಬೋಳು ಗುಡ್ಡಗಳು.

ಹೊರಗಿನವರು ಬರೋ ಮೊದಲೇ ಊರಿನವರಿಗೆ ಈ ಕಲ್ಲುಗಳು ಗೊತ್ತಿದ್ವು. ಬ್ರಹ್ಮಗಿರಿಯದು ಅಕ್ಷರ ಗುಂಡು. ಯಾರಿಗೂ ಓದೋಕೆ ಬರ್ತಿರಲಿಲ್ಲ, ಆದ್ರೆ ಅದು ಅಕ್ಷರ ಅಂತ ಗೊತ್ತಿತ್ತು, ನೋಡಿ. ಜಟಿಂಗ ರಾಮೇಶ್ವರದಲ್ಲಿ ಶಾಸನದ ಬಂಡೆ ಮೇಲೆ ನೆರಳು ಹಾಕಿಕೊಂಡು ನಿಂತಿರೋ ದೊಡ್ಡ ಗುಂಡಿಗೆ ಬಳೆಗಾರರ ಗುಂಡು ಅಂತ ಹೆಸರು. ಜಾತ್ರೆ ದಿನ ಬಳೆ ಅಂಗಡಿಗಳು ಆ ನೆರಳಲ್ಲೇ ಕೂರ್ತಿದ್ವು. ಬಳೆ ಕೊಳ್ಳೋಕೆ ಬಂದ ಹೆಣ್ಣುಮಕ್ಕಳ ಕಾಲಡಿಯಲ್ಲಿ ಅಶೋಕನ ಆಜ್ಞೆ! ಮೂರರಲ್ಲಿ ಅತಿ ಹೆಚ್ಚು ಸವೆದಿರೋದು ಇದೇ ಅಂದ್ರೆ ಆಶ್ಚರ್ಯ ಇಲ್ಲ.

ಸವೆದ ಸಾಲುಗಳನ್ನ ಹೇಗೆ ಓದಿದ್ರು? ಇದು ನಂಗೆ ತುಂಬಾ ಇಷ್ಟವಾದ ವಿಷಯ. ಒಂದೇ ಆಜ್ಞೆ ಮೂರು ಕಡೆ ಕೆತ್ತಿದ್ದರಿಂದ ಇಲ್ಲಿ ಅಳಿಸಿಹೋದ ಪದವನ್ನ ಬ್ರಹ್ಮಗಿರಿಯ ಕಲ್ಲಿನಿಂದ ತುಂಬಿಸಿಕೊಳ್ಳಬಹುದು. ಕ್ಲಾಸಿಗೆ ಹೋಗದವನು ಇಬ್ಬರ ನೋಟ್ಸ್ ಇಟ್ಕೊಂಡು ತನ್ನದು ಪೂರ್ತಿ ಮಾಡ್ಕೊಳ್ತಾನಲ್ಲ, ಹಾಗೆ.

ಇನ್ನೊಂದು. ಆ ಶಾಸನದಲ್ಲಿ ಎಲ್ಲಾ ವಿವರ ಇದೆ. ಎಲ್ಲಿಂದ ಹೊರಟಿತು: ಸುವರ್ಣಗಿರಿಯಿಂದ. ಯಾರಿಗೆ: ಇಸಿಲದ ಮಹಾಮಾತ್ರರಿಗೆ. ಯಾವಾಗ: ರಾಜ ಉಪಾಸಕನಾಗಿ ಎರಡೂವರೆ ವರ್ಷ ದಾಟಿದ ಮೇಲೆ, ಜೊತೆಗೆ 256 ಅನ್ನೋ ಸಂಖ್ಯೆ (ಪ್ರವಾಸದ ರಾತ್ರಿಗಳ ಲೆಕ್ಕ ಅಂತ ವಿದ್ವಾಂಸರ ಅಭಿಪ್ರಾಯ). ಬರೆದವನು ಯಾರು: ಚಪಡ. ಈ ಚಪಡ ತನ್ನ ಹೆಸರಾದ ಮೇಲೆ 'ಲಿಪಿಕಾರ' ಅನ್ನೋ ಪದವನ್ನ ಬ್ರಾಹ್ಮಿ ಬಿಟ್ಟು ಖರೋಷ್ಠಿ ಲಿಪಿಯಲ್ಲಿ ಬರೆದ. ಬಲದಿಂದ ಎಡಕ್ಕೆ ಬರೆಯೋ ವಾಯವ್ಯ ಗಡಿಯ ಲಿಪಿ ಅದು. ಇಲ್ಲಿ ಯಾರೂ ಓದಲ್ಲ ಅಂತ ಗೊತ್ತಿದ್ದೂ ಸ್ಟೈಲಾಗಿ ಸಹಿ ಹಾಕಿದ ಹುಡುಗ ಇರಬೇಕು.

ಏನು, ಎಲ್ಲಿ, ಯಾವಾಗ, ಯಾರು. ಈ ನಾಲ್ಕು ಪ್ರಶ್ನೆ ನೆನಪಿಟ್ಕೊಳ್ಳಿ.

ಭಾಗ 3

ರೈಸ್ ಮಾಡಿದ ನಿಜವಾದ ದೊಡ್ಡ ಕೆಲಸ ಶಾಸನ ಕಂಡಿದ್ದಲ್ಲ, ಪಟ್ಟಿ ಮಾಡಿದ್ದು ಅಂತ ನನ್ನ ಅಭಿಪ್ರಾಯ. 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಹಳೇ ಮೈಸೂರು ಸಂಸ್ಥಾನದ ಸುಮಾರು 9,000 ಶಾಸನ ಸೇರಿಸಿದ್ರು. ಜಿಲ್ಲಾವಾರು ಸಂಪುಟ, ಅದರೊಳಗೆ ತಾಲೂಕು, ತಾಲೂಕಿನೊಳಗೆ ಕ್ರಮಸಂಖ್ಯೆ. ಚಿತ್ರದುರ್ಗದ್ದು 11ನೇ ಸಂಪುಟ. ಕಲ್ಲು ಹೊಲದ ಬದುವಲ್ಲಿರಲಿ, ಗುಡಿ ಗೋಡೆಯಲ್ಲಿರಲಿ, ಅದಕ್ಕೊಂದು ತಾಲೂಕು, ಒಂದು ನಂಬರ್.

ಅದರ ಬೆಲೆ ಈಗ ಗೊತ್ತಾಗ್ತಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಲ್ಲಿ ನಗರದ ಸುತ್ತಲಿನ ಶಾಸನಗಳನ್ನ ತ್ರೀಡಿ ಸ್ಕ್ಯಾನ್ ಮಾಡೋ ಕೆಲಸ ಶುರು ಮಾಡ್ತು. ಹಳೇ ಸಂಪುಟದ ವಿಳಾಸ ಹಿಡಿದು ಹೋದ್ರೆ ಎಷ್ಟೋ ಕಡೆ ಕಲ್ಲೇ ಇಲ್ಲ, ಲೇಔಟ್ ಆಗಿದೆ, ರಸ್ತೆ ಆಗಿದೆ. ಕಲ್ಲು ಹೋಯ್ತು, ನಮೂದು ಉಳೀತು. ನಮೂದೂ ಇಲ್ಲದಿದ್ರೆ ಅಲ್ಲೊಂದು ಕಲ್ಲಿತ್ತು ಅನ್ನೋದೇ ಗೊತ್ತಾಗ್ತಿರಲಿಲ್ಲ.

ಈಗ ನನ್ನ ನಾಣ್ಯದ ಗೀರಿಗೆ ವಾಪಸ್ ಬರೋಣ. ನಾನು ಕೆರೆದಿದ್ದಕ್ಕೆ ನಂಬರ್ ಇಲ್ಲ.

ಭಾಗ 4

ಎರಡನೇ ಫೋಟೋ: ನಮ್ಮ ಅಡುಗೆಮನೆ ಮಸಾಲೆ ಡಬ್ಬಿ. ಚಕ್ಕೆ, ಲವಂಗ, ಮರಾಠಿ ಮೊಗ್ಗು, ಪಕ್ಕದಲ್ಲಿ ಸುಟ್ಟ ಕಾಗದದ ಚೂರಿನ ಥರ ಕಾಣ್ತಿದೆಯಲ್ಲ, ಅದು ಕಲ್ಲುಹೂ. ಬಿಸಿಬೇಳೆ ಬಾತ್ ಪುಡಿಗೆ ಹಾಕ್ತೀವಿ. ಬೆಟ್ಟದ ಮಚ್ಚೆ ಇದರ ನೆಂಟ. ಇಬ್ಬರೂ ಲೈಕೆನ್ (ಇಂಗ್ಲಿಷಲ್ಲೂ ಅದೇ ಹೆಸರು). ತಮಾಷೆ ಅಂದ್ರೆ, ಅಂಗಡಿಗೆ ಬರೋ ಕಲ್ಲುಹೂ ಹೆಚ್ಚಾಗಿ ಬೆಳೆಯೋದು ಮರದ ತೊಗಟೆ ಮೇಲೆ, ಅದು ಹೂವೂ ಅಲ್ಲ. ಹೆಸರಲ್ಲಿ ಎರಡೂ ಸುಳ್ಳು, ಘಮ ಮಾತ್ರ ನಿಜ.

ಲೈಕೆನ್ ಅನ್ನೋದು ಒಂದು ಜೀವಿ ಅಲ್ಲ, ಪಾಲುದಾರಿಕೆ. ಶಿಲೀಂಧ್ರ ಮನೆ ಕಟ್ಟುತ್ತೆ, ಒಳಗೆ ಕೂತ ಪಾಚಿ ಬಿಸಿಲಿನಿಂದ ಊಟ ತಯಾರಿಸುತ್ತೆ. ಈ ಪಾರ್ಟ್ನರ್‌ಶಿಪ್ ಡೀಡ್ ಬಯಲಿಗೆ ತಂದವನು ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡೆನರ್, 1860ರ ದಶಕದ ಕೊನೆಯಲ್ಲಿ. ಆಗಿನ ದೊಡ್ಡ ದೊಡ್ಡ ಲೈಕೆನ್ ತಜ್ಞರು ಒಪ್ಪಲೇ ಇಲ್ಲ. ಹಾವಸೆ ಬೇರೆ, ಅದು ನಿಜವಾದ ಸಸ್ಯ, ಪುಟಾಣಿ ಎಲೆ ಇರೋದು. ನಾವು ಮಾತಲ್ಲಿ ಪಾಚಿ, ಹಾವಸೆ ಎಲ್ಲಾ ಒಂದೇ ಅಂತೀವಿ. ನಾಚಿಕೆ ಬೇಡ, ಲಿನೇಯಸ್ ಕೂಡ 1753ರ ತನ್ನ ಗ್ರಂಥದಲ್ಲಿ ಲೈಕೆನ್‌ಗಳನ್ನೆಲ್ಲ ಪಾಚಿಗಳ ಸಾಲಿನಲ್ಲೇ ಕೂರಿಸಿದ್ದ.

ಭಾರತದ ಲೈಕೆನ್ ಲೆಕ್ಕ ಶುರುವಾಗೋದೂ ಅದೇ ಪುಸ್ತಕದಿಂದ. ಆಮೇಲೆ ನೂರಾರು ವರ್ಷ ಮಾದರಿಗಳು ಇಲ್ಲಿಂದ ಹಡಗು ಹತ್ತಿ ಹೋದ್ವು, ಹೆಸರು ಅಲ್ಲಿ ಇಟ್ಟರು. ಹಾವಸೆಯದೂ ಇದೇ ಕಥೆ: 1859ರಲ್ಲಿ ವಿಲಿಯಂ ಮಿಟನ್ ಇಂಗ್ಲೆಂಡಲ್ಲಿ ಕೂತು ಭಾರತದ ಹಾವಸೆಗಳ ಬಗ್ಗೆ ದೊಡ್ಡ ಪುಸ್ತಕ ಬರೆದ. 1931ರಲ್ಲಿ ಪಾಲ್ ಬ್ರೂಲ್ ಮಾಡಿದ ಪಟ್ಟಿಗೆ 'ಭಾರತದ ಹಾವಸೆಗಳ ಜನಗಣತಿ' ಅನ್ನೋ ಅರ್ಥದ ಹೆಸರೇ ಇತ್ತು. ಲೈಕೆನ್‌ಗಳನ್ನ ಇಲ್ಲೇ ಕೂತು ಜೀವನಪೂರ್ತಿ ಲೆಕ್ಕ ಹಾಕಿದವರು ಲಕ್ನೋದ ಧರಣಿಧರ ಅವಸ್ಥಿ. 1965ರಲ್ಲಿ ಭಾರತ, ನೇಪಾಳ, ಪಾಕಿಸ್ತಾನ, ಸಿಲೋನ್ ಸೇರಿಸಿ ಒಂದು ಪಟ್ಟಿ ತಂದರು. ಯಾವುದು ಯಾವ ಜಾತಿ ಅಂತ ಗುರುತಿಸೋ ಕೈಪಿಡಿಗಳನ್ನೂ ಬರೆದರು. ಅವರು ಕೂಡಿಟ್ಟ ಮಾದರಿಗಳು ಈಗ ಲಕ್ನೋದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯಲ್ಲಿವೆ. 2010ರಲ್ಲಿ ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆ ಹೊರತಂದ ಕೆ. ಪಿ. ಸಿಂಗ್ ಮತ್ತು ಜಿ. ಪಿ. ಸಿನ್ಹಾ ಅವರ ಪಟ್ಟಿಯಲ್ಲಿ 2,303 ಜಾತಿಗಳು.

2,303! ಓದಿದಾಗ ಮೈ ಜುಮ್ ಅಂತು. ಆಮೇಲೆ ಯೋಚನೆ ಬಂತು: ಇದು ಹೆಸರುಗಳ ಪಟ್ಟಿ. ಯಾವ ಹೆಸರು ಯಾವ ಬೆಟ್ಟದಲ್ಲಿ, ಯಾವ ವರ್ಷ, ಯಾವ ಕಲ್ಲಿನ ಮೇಲೆ? ಅದು ಬೇರೆಯದೇ ಪುಸ್ತಕ.

ಭಾಗ 5 (ಬಿಕಾಂ ಭಾಗ, ಸ್ಕಿಪ್ ಮಾಡಬೇಡಿ)

ಫಸ್ಟ್ ಸೆಮ್ ಅಕೌಂಟೆನ್ಸಿಯಲ್ಲಿ ತಲೆಗೆ ಕುಟ್ಟಿ ಕುಟ್ಟಿ ಹೇಳಿಕೊಡೋದು ಏನು? ವೋಚರ್ ಇಲ್ಲದೆ ಎಂಟ್ರಿ ಇಲ್ಲ. "ಸರ್, ನಿಜವಾಗ್ಲೂ ಖರ್ಚಾಗಿದೆ" ಅಂದ್ರೆ ಆಡಿಟರ್ ಕೇಳಲ್ಲ, ಬಿಲ್ ತೋರಿಸು ಅಂತಾನೆ.

ಸಸ್ಯ ವಿಜ್ಞಾನದವರೂ ಅದೇ ಪದ ಬಳಸ್ತಾರೆ ಅಂತ ಗೊತ್ತಾದಾಗ ನಾನು ಒಬ್ಬನೇ ನಕ್ಕೆ. ಒಣಗಿಸಿ, ಕವರಿನಲ್ಲಿ ಹಾಕಿ, ಲೇಬಲ್ ಅಂಟಿಸಿ, ನಂಬರ್ ಕೊಟ್ಟು ಸಸ್ಯಾಗಾರದಲ್ಲಿ ಇಟ್ಟ ಮಾದರಿಗೆ ವೋಚರ್ ಅಂತಲೇ ಹೆಸರು. ಐವತ್ತು ವರ್ಷ ಆದ ಮೇಲೆ ಯಾರಿಗಾದ್ರೂ ಹೆಸರಿನ ಮೇಲೆ ಅನುಮಾನ ಬಂದ್ರೆ ಕವರ್ ಬಿಚ್ಚಿ ಮತ್ತೆ ನೋಡಬಹುದು. ರಾಷ್ಟ್ರೀಯ ಡೇಟಾಬೇಸ್ ಅಂದ್ರೆ ಇಂಥ ಲಕ್ಷಾಂತರ ವೋಚರ್‌ಗಳ ಲೆಡ್ಜರ್. ಏನು, ಎಲ್ಲಿ, ಯಾವಾಗ, ಯಾರು. ಚಪಡನ ನಾಲ್ಕು ಪ್ರಶ್ನೆ, ಜೊತೆಗೆ ಯಾವುದರ ಮೇಲೆ ಬೆಳೆದಿತ್ತು, ಹೆಸರು ಹೇಳಿದವರು ಯಾರು.

ಕೇಳೋಕೆ ಸುಲಭ. ಕಷ್ಟ 'ಎಲ್ಲಿ' ಅನ್ನೋದರಲ್ಲಿದೆ. ನಮ್ಮ ತಾಲೂಕನ್ನೇ ನೋಡಿ. ಹಳೇ ಲೇಬಲ್ ಒಂದರಲ್ಲಿ ಬರೀ "ಬ್ರಹ್ಮಗಿರಿ" ಅಂತಿದೆ ಅಂದ್ಕೊಳ್ಳಿ. ಯಾವ ಬ್ರಹ್ಮಗಿರಿ? ಅಕ್ಷರ ಗುಂಡಿನ ಒಣ ಬ್ರಹ್ಮಗಿರಿಯೋ, ಕೊಡಗಿನಲ್ಲಿ ವರ್ಷದ ಅರ್ಧ ಮಳೆ ಮಂಜಲ್ಲಿ ಮುಳುಗಿರೋ ಬ್ರಹ್ಮಗಿರಿಯೋ? "ಸಿದ್ದಾಪುರ" ಇನ್ನೂ ಮಜಾ: ನಮ್ಮದೊಂದು, ಉತ್ತರ ಕನ್ನಡದಲ್ಲೊಂದು, ಕೊಡಗಲ್ಲೊಂದು, ಕುಂದಾಪುರದ ಕಡೆ ಇನ್ನೊಂದು. ಮಲೆನಾಡಿನ ಹಾವಸೆಯನ್ನ ಕಂಪ್ಯೂಟರ್ ತಂದು ಮೊಳಕಾಲ್ಮೂರಿನ ಬಿಸಿಲಲ್ಲಿ ಕೂರಿಸಿದ್ರೆ ಮುಂದೆ ಅದನ್ನ ನಂಬಿ ಮಾಡೋ ಪ್ರತಿಯೊಂದು ಲೆಕ್ಕವೂ ತಪ್ಪು. ರೈಸ್ ಪಟ್ಟಿಯಲ್ಲಿ ಈ ಗೊಂದಲ ಇಲ್ಲ, ಯಾಕಂದ್ರೆ ತಾಲೂಕು ಮೊದಲು, ಊರು ಆಮೇಲೆ.

ಗಡಿಯೂ ಓಡಾಡುತ್ತೆ. ನಮ್ಮ ಪಕ್ಕದ ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆ, ಆಮೇಲೆ ಆಂಧ್ರದ ಅನಂತಪುರ. ಅಲ್ಲಿಂದ ಬಂದ ಹಳೇ ಕವರ್ ಮೇಲೆ "ಬಳ್ಳಾರಿ" ಅಂತಿದ್ರೆ ಯಾವ ರಾಜ್ಯದ ಲೆಕ್ಕಕ್ಕೆ ಹಾಕ್ತೀರಾ? ಹೆಸರೂ ಹಾಗೇ. ಒಂದೇ ಲೈಕೆನ್‌ಗೆ 1850ರಲ್ಲಿ ಒಂದು ಹೆಸರು, 1950ರಲ್ಲಿ ಇನ್ನೊಂದು ಇರಬಹುದು. ಎರಡನ್ನೂ ಒಂದೇ ಖಾತೆಗೆ ತರದಿದ್ರೆ ಒಬ್ಬನೇ ಸಾಲಗಾರ ಎರಡು ಕಡೆ ನಿಂತ ಹಾಗಾಗುತ್ತೆ.

ಇದೆಲ್ಲ ಕೂತು ಬಿಡಿಸೋ ಕೆಲಸ. ಯಾರೂ ಚಪ್ಪಾಳೆ ತಟ್ಟಲ್ಲ. ಸಸ್ಯ ಸರ್ವೇಕ್ಷಣಾ ಸಂಸ್ಥೆ 2022ರಲ್ಲಿ ತನ್ನ ಮಾದರಿಗಳ ಚಿತ್ರಗಳನ್ನ ಎಲ್ಲರೂ ನೋಡೋ ಹಾಗೆ ವರ್ಚುವಲ್ ಹರ್ಬೇರಿಯಂ ತೆರೀತು. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಇದೆ, ಅಲ್ಲಿ ನಾವೂ ನೀವೂ ಫೋಟೋ ಹಾಕಬಹುದು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯ್ತಿಯಲ್ಲೂ ಜನತಾ ಜೀವವೈವಿಧ್ಯ ದಾಖಲೆ ಇರಬೇಕು. ನಿಮ್ಮ ಪಂಚಾಯ್ತಿಯದು ನೋಡಿದ್ದೀರಾ? ನಾನೂ ನೋಡಿಲ್ಲ. ಕೇಳೋ ಹಕ್ಕು ಇಬ್ಬರಿಗೂ ಇದೆ.

ಭಾಗ 6

"ಸರಿ, ಇಷ್ಟೆಲ್ಲ ಬರೆದಿಟ್ಟು ಏನು ಪ್ರಯೋಜನ?" ನನ್ನ ರೂಮ್‌ಮೇಟ್ ಕೇಳಿದ್ದು.

1866ರಲ್ಲಿ ವಿಲಿಯಂ ನೈಲಾಂಡರ್ ಪ್ಯಾರಿಸ್ಸಿನ ಲಕ್ಸಂಬರ್ಗ್ ತೋಟದ ಲೈಕೆನ್‌ಗಳನ್ನ ಪಟ್ಟಿ ಮಾಡಿದ. ಊರಿನ ಬೇರೆ ಕಡೆ ಇಲ್ಲದ್ದು ಇಲ್ಲಿ ಯಾಕಿದೆ ಅಂದ್ರೆ ಇಲ್ಲಿನ ಗಾಳಿ ಚೆನ್ನಾಗಿದೆ ಅಂದ. (ಶ್ವೆಂಡೆನರ್ ಮಾತು ಒಪ್ಪದವರಲ್ಲಿ ಇವನೂ ಒಬ್ಬ. ಎಲ್ಲದರಲ್ಲೂ ಸರಿ ಇರೋಕಾಗಲ್ಲ.) ಲೈಕೆನ್‌ಗೆ ಬೇರಿಲ್ಲ, ಗಾಳಿ ಮಳೆಯಲ್ಲಿ ಬಂದಿದ್ದನ್ನೇ ಮೈಗೆ ಹೀರಿಕೊಳ್ಳುತ್ತೆ. ಹೊಗೆ ಬಂದ್ರೆ ಮೊದಲು ಸಾಯೋದು ಅದೇ. 1958ರಲ್ಲಿ ಬ್ರಿಟಿಷ್ ಲೈಕೆನ್ ಸೊಸೈಟಿ ಹುಟ್ಟಿತು, 1960ರ ದಶಕದಲ್ಲಿ ಇಡೀ ದೇಶವನ್ನ 10 ಕಿಲೋಮೀಟರಿನ ಚೌಕಗಳಾಗಿ ಮಾಡಿ ಎಲ್ಲಿ ಯಾವುದಿದೆ ಅಂತ ಗುರುತು ಹಾಕೋಕೆ ಕೂತರು. ಅದರಲ್ಲಿ ಎಷ್ಟೋ ಜನ ಹವ್ಯಾಸಿಗಳು. 1970ರಲ್ಲಿ ಹಾಕ್ಸ್‌ವರ್ತ್ ಮತ್ತು ರೋಸ್ ಮರದ ಮೇಲಿನ ಲೈಕೆನ್ ನೋಡಿ ಗಾಳಿಯಲ್ಲಿ ಗಂಧಕದ ಹೊಗೆ ಎಷ್ಟಿದೆ ಅಂತ ಅಂದಾಜು ಹೇಳೋ ಅಳತೆಗೋಲು ಕೊಟ್ಟರು. ಮುಂದೆ ಹೊಗೆ ಕಮ್ಮಿಯಾದಾಗ ಲೈಕೆನ್ ವಾಪಸ್ ಬಂತು. 'ವಾಪಸ್' ಅಂತ ಹೇಳೋಕೆ ಮೊದಲಿನ ಲೆಕ್ಕ ಇರಬೇಕಲ್ಲ? ಓಪನಿಂಗ್ ಬ್ಯಾಲೆನ್ಸ್ ಇಲ್ಲದೆ ಲಾಭ ನಷ್ಟ ಹೇಳೋಕಾಗುತ್ತಾ?

ನಮ್ಮ ಕಡೆ ಓಪನಿಂಗ್ ಬ್ಯಾಲೆನ್ಸ್ ಯಾಕೆ ಬೇಕು ಅಂತ ಚಳ್ಳಕೆರೆಯವರಿಗೆ ವಿವರಿಸಬೇಕಿಲ್ಲ. ಅಮೃತಮಹಲ್ ಕಾವಲಿನ ಸುಮಾರು 10,000 ಎಕರೆ ಐಐಎಸ್‌ಸಿ, ಡಿಆರ್‌ಡಿಒ, ಇಸ್ರೋ ಮುಂತಾದ ಸಂಸ್ಥೆಗಳಿಗೆ ಹೋಯ್ತು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೂ ಹತ್ತಿತು. ಸಂಸ್ಥೆಗಳು ಬಂದಿದ್ದು ಸರಿಯೋ ತಪ್ಪೋ ಅನ್ನೋ ಜಗಳ ಇಲ್ಲಿ ಬೇಡ, ನಮ್ಮ ಮನೆಯಲ್ಲೇ ಎರಡು ಪಕ್ಷ ಇದೆ. ನಾನು ಹೇಳೋದು ಇಷ್ಟೇ: ಆಗ ಜನ ದನಗಳ ಮೇವಿನ ಲೆಕ್ಕ ಕೊಟ್ಟರು, ಕೃಷ್ಣಮೃಗದ ಹೆಸರು ಹೇಳಿದ್ರು. ಅವು ಕಣ್ಣಿಗೆ ಕಾಣ್ತವೆ. ಅದೇ ನೆಲದ ಕಲ್ಲು ಮಣ್ಣಿಗೆ ಅಂಟಿಕೊಂಡು ಏನಿತ್ತು? ಯಾರಾದ್ರೂ ಹೇಳಿದ್ದು ನಾನಂತೂ ಕೇಳಿಲ್ಲ. ಹುಲ್ಲುಗಾವಲು, ಬರೀ ಬಂಡೆ ಇರೋ ಜಾಗ ಅಂದ್ರೆ "ಖಾಲಿ ಜಾಗ" ಅಂತ ಬರೆದುಬಿಡೋದು ಎಷ್ಟು ಸುಲಭ ನೋಡಿ.

ಭಾಗ 7

ಹೋದ ಮಳೆ ಆದ ಮೇಲೆ ಮತ್ತೆ ಬೆಟ್ಟ ಹತ್ತಿದೆ. ಈ ಸಲ ಜೊತೆಗೆ ಇಬ್ಬರು ಕ್ಲಾಸ್‌ಮೇಟ್ಸ್, ಒಂದು ಸ್ಕೇಲು, ಒಂದು ನೋಟ್‌ಬುಕ್. ಕಿತ್ತು ತರೋದು ಬೇಡ ಅಂತ ಮೊದಲೇ ಮಾತಾಡ್ಕೊಂಡಿದ್ವಿ. ಶಾಸನ ಸಂರಕ್ಷಿತ ಸ್ಮಾರಕ, ಅದರ ಹತ್ತಿರ ಕಲ್ಲಿಗೆ ಕೈ ಹಾಕೋ ಹಾಗಿಲ್ಲ. ಬೇರೆ ಕಡೆಯೂ ಅನುಮತಿ ಇಲ್ಲದೆ ಮಾದರಿ ತೆಗೆಯೋದು ಸರಿಯಲ್ಲ. ಅಂದ್ರೆ ನಮ್ಮ ಎಂಟ್ರಿಗೆ ವೋಚರ್ ಇಲ್ಲ, ಫೋಟೋ ಮಾತ್ರ.

ಮೂರನೇ ಸ್ಲೈಡ್ ವಿಡಿಯೋ. ಬಂಡೆ ಸಂದಿಯಲ್ಲಿ ಕಪ್ಪಗೆ ಮುದುರಿಕೊಂಡಿದ್ದ ಹಾವಸೆ, ಮುಟ್ಟಿದ್ರೆ ಪುಡಿಯಾಗೋ ಹಾಗಿತ್ತು. ಬಾಟಲಿಯಿಂದ ಎರಡು ಮುಚ್ಚಳ ನೀರು ಹಾಕಿದ್ವಿ. ಎಡಿಟ್ ಮಾಡಿಲ್ಲ, ನೋಡಿ: ಎಲೆಗಳು ಒಂದೊಂದಾಗಿ ಬಿಚ್ಕೊಂಡು ಹಸಿರಾಗ್ತಾ ಹೋಗುತ್ತೆ. ರಾಜ್ಯದಲ್ಲೇ ಮಳೆ ಕಮ್ಮಿ ಬೀಳೋ ಜಾಗದಲ್ಲಿ ಇವು ಬದುಕಿರೋದು ಹೀಗೆ, ಸತ್ತ ಹಾಗೆ ನಟಿಸಿಕೊಂಡು. ವಿಡಿಯೋದಲ್ಲಿ ಕೂಗಾಡ್ತಿರೋದು ನಾನೇ, ಕ್ಷಮಿಸಿ.

ಆಮೇಲೆ ನನ್ನ ಗೀರು ಹುಡುಕಿದ್ವಿ. ಹಾಗೇ ಇದೆ. ಕಲ್ಲಿಗೆ ಅಂಟಿ ಬೆಳೆಯೋ ಇಂಥ ಲೈಕೆನ್‌ಗಳಲ್ಲಿ ಎಷ್ಟೋ ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಹಬ್ಬಲ್ಲ. ಸ್ಕೇಲ್ ಇಟ್ಟು ಅಳೆದೆ. ಗೀರಿನ ಅಗಲ ಆರು ಮಿಲಿಮೀಟರ್. ನಾನು ಕೆಲಸಕ್ಕೆ ಸೇರಿ, ಮದುವೆಯಾಗಿ, ಮಕ್ಕಳನ್ನ ಕರ್ಕೊಂಡು ಬಂದಾಗಲೂ ಇದು ಇಲ್ಲೇ ಇರಬಹುದು.

ಫೋಟೋಗಳನ್ನ ಪೋರ್ಟಲ್‌ಗೆ ಹಾಕಿದೀವಿ. ಇನ್ನೂ ಯಾರೂ ಹೆಸರು ಹೇಳಿಲ್ಲ. ಯಾಕೆ ಅಂತ ಈಗ ಗೊತ್ತು: ಎಷ್ಟೋ ಲೈಕೆನ್‌ಗಳನ್ನ ಫೋಟೋ ನೋಡಿ ಹೇಳೋಕಾಗಲ್ಲ, ಸೂಕ್ಷ್ಮದರ್ಶಕದಲ್ಲಿ ಬೀಜಕಣ ನೋಡಬೇಕು, ರಾಸಾಯನಿಕದ ಹನಿ ಹಾಕಿ ಬಣ್ಣ ಬದಲಾಗುತ್ತಾ ಅಂತ ನೋಡಬೇಕು. ಹಾಗಾಗಿ ನಮ್ಮ ನೋಟ್‌ಬುಕ್ಕಲ್ಲಿ ಅದು ಸದ್ಯಕ್ಕೆ ಸಸ್ಪೆನ್ಸ್ ಅಕೌಂಟ್‌ನಲ್ಲಿದೆ. ಕೊನೇ ಫೋಟೋ ಆ ಪುಟದ್ದೇ:

ಏನು: ಲೈಕೆನ್, ತಿಳಿಹಸಿರು, ಕಲ್ಲಿಗೆ ಪೂರ್ತಿ ಅಂಟಿದ್ದು. ಹೆಸರು ಖಾಲಿ.
ಎಲ್ಲಿ: ಮೊಳಕಾಲ್ಮೂರು ತಾಲೂಕು (ಮೊದಲು ತಾಲೂಕು!), ಜಟಿಂಗ ರಾಮೇಶ್ವರ ಬೆಟ್ಟ, ಮೆಟ್ಟಿಲ ದಾರಿಯ ಎಡಕ್ಕೆ.
ಯಾವುದರ ಮೇಲೆ: ಬಂಡೆ, ಬಿಸಿಲಿಗೆ ತೆರೆದ ಮುಖ.
ಹಾನಿ: ನಾಣ್ಯದ ಗೀರು ಒಂದು, 6 ಮಿಮೀ. ಮಾಡಿದವನು: ಬರೆದವನೇ.

ದೊಡ್ಡಪ್ಪನಿಗೆ ತೋರಿಸಿದೆ. ಕನ್ನಡಕ ಏರಿಸಿ ಪೂರ್ತಿ ಓದಿದ್ರು. "ಎಲ್ಲಾ ಬರ್ದೀಯ, ಹೆಸರೇ ಇಲ್ವಲ್ಲೋ" ಅಂದ್ರು.

ಇಲ್ಲ ದೊಡ್ಡಪ್ಪ, ಇನ್ನೂ ಇಲ್ಲ.

ಮುಂದಿನ ಮಳೆ ಬಿದ್ದ ಭಾನುವಾರ ಅಕ್ಷರ ಗುಂಡಿನ ಕಡೆ, ಬ್ರಹ್ಮಗಿರಿಗೆ ಹೋಗ್ತಿದೀವಿ. ನಮ್ಮ ಬ್ರಹ್ಮಗಿರಿ, ಕೊಡಗಿನದಲ್ಲ. ಬರೋರು ಮೆಸೇಜ್ ಮಾಡಿ. ಸ್ಕೇಲು ತನ್ನಿ, ನೀರು ತನ್ನಿ. ಚಿಲ್ಲರೆ ಮನೇಲಿ ಬಿಟ್ಟು ಬನ್ನಿ.